ನಮ್ಮ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಹಳಬರು: ಯಾರ ಆಟ ಹೇಗಿತ್ತು, ಯಾಕೆ ಹಾಗಿತ್ತು

ತುಂಗಾತೀರ

ಶಿವಮೊಗ್ಗದ ನಮ್ಮ ಕಾಲೇಜಿನ ಹಳೇ ತಂಡದ ಮಾತು ಅಲ್ಲಲ್ಲಿ ಬರ್ತಾನೇ ಇರುತ್ತೆ, ಒಂದೇ ಕಡೆ ಸರಿಯಾಗಿ ಬರೆದಿಡೋಣ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾಗಿ, ನಮ್ಮ ಕಡೆ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಬದಲು ಶಂಕರಘಟ್ಟದ ಈ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಬಂದ ಮೇಲೆ ತೊಂಬತ್ತರ ದಶಕದ ನಡುವಿನ ತನಕ ಆಡಿದವರ ಮಾತಿದು. "ಭಾರೀ ಆಡ್ತಿದ್ರು" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ಕೈ ಹೇಗಿತ್ತು, ಕಾಲು ಹೇಗಿತ್ತು, ಯಾವ ಜಾಗದಿಂದ ಹೊಡೀತಿದ್ರು, ಏನು ಬರ್ತಿರಲಿಲ್ಲ, ಅದನ್ನು ಬರೀರಿ.

ಅವರೆಲ್ಲ ಈಗ ತಮ್ಮ ತಮ್ಮ ಸಂಸಾರ, ಕೆಲಸದಲ್ಲಿದ್ದಾರೆ. ಹೆಸರು ಬೇಡ, ಬನಿಯನ್ ನಂಬರ್ ಸಾಕು. ಆಗ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ನಂಬರ್ ಇದ್ದಿದ್ದೇ 4ರಿಂದ 15. ರೆಫ್ರಿ ಪಾಯಿಂಟಿಗೆ 1, 2, 3 ಬೆರಳು ತೋರಿಸುವಾಗ ಬನಿಯನ್ ನಂಬರಿನ ಜೊತೆ ಗೊಂದಲ ಆಗಬಾರದು ಅಂತ.

ಮೊದಲು 7. ರಿಂಗಿನ ಹಿಂದಿನ ಬೋರ್ಡಿಗೆ ಚೆಂಡು ಹೊಡೆದು ಬುಟ್ಟಿಗೆ ಹಾಕೋದರಲ್ಲಿ ಈ ಜಿಲ್ಲೆಯಲ್ಲಿ ಅವರ ಸಮಕ್ಕೆ ಇನ್ನೊಬ್ಬರಿರಲಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಮರದ ಬೋರ್ಡು

ಒಪ್ಪಿದೆ. ಆದರೆ 7ರ ಆಟ ಅರ್ಥ ಆಗಬೇಕಾದರೆ ಆ ಬೋರ್ಡು ಎಂಥದ್ದು ಅಂತ ಗೊತ್ತಿರಬೇಕು.

ಈಗಿನ ಬೋರ್ಡು 1.80 ಮೀಟರ್ ಅಗಲ, 1.05 ಎತ್ತರ, ಕೆಳಗಿನ ಅಂಚು ನೆಲದಿಂದ 2.90 ಮೀಟರ್. ನಮ್ಮದು ಹಳೇ ಅಳತೆಯದು, 1.80ಕ್ಕೆ 1.20, ಕೆಳಗಿನ ಅಂಚು 2.75ರಲ್ಲಿ. ಮರದ್ದು, ಬಿಳಿ ಬಣ್ಣ, ಮಧ್ಯದಲ್ಲಿ 59ಕ್ಕೆ 45 ಸೆಂಟಿಮೀಟರಿನ ಕಪ್ಪು ಚೌಕ. ಮಳೆಗಾಲ ಕಳೆದ ಮೇಲೆ ಮರ ನೀರು ಕುಡಿದು ಊದಿಕೊಂಡಿರೋದು, ಹಿಂದಿನ ಬೋಲ್ಟು ಸಡಿಲ. ಚೆಂಡು ತಾಗಿದರೆ "ಠಣ್" ಅನ್ನೋ ಬದಲು "ದಬ್" ಅನ್ನೋದು. ಅಂದರೆ ಚೆಂಡಿನ ವೇಗವನ್ನೆಲ್ಲ ಬೋರ್ಡೇ ನುಂಗಿಬಿಡೋದು. ಬೇರೆ ಊರಿನ ತಂಡದವರು ತಮ್ಮ ಅಭ್ಯಾಸದಂತೆ ಚೌಕದ ಮೇಲ್ಮೂಲೆಗೆ ಮೆಲ್ಲಗೆ ತಾಗಿಸಿದರೆ ಚೆಂಡು ರಿಂಗಿನ ಹಿಂಭಾಗಕ್ಕೇ ಬಿದ್ದು ಹೊರಗೆ ಹೋಗ್ತಿತ್ತು.

7 ಮಾಡ್ತಿದ್ದದ್ದು ಎರಡು ಬದಲಾವಣೆ. ಚೌಕದ ಮೇಲ್ಗೆರೆಗಿಂತ ಒಂದು ಅಂಗೈ ಅಗಲ ಮೇಲಕ್ಕೆ ಗುರಿ ಇಡ್ತಿದ್ರು. ಚೆಂಡು ಏರುವಾಗ ಬೋರ್ಡಿಗೆ ತಾಗದೆ, ತುದಿ ಮುಟ್ಟಿ ಇಳಿಯುವಾಗ ತಾಗೋ ಹಾಗೆ ಎತ್ತರ ಕೊಡ್ತಿದ್ರು. ಇಳಿಯೋ ಚೆಂಡು ಸತ್ತ ಬೋರ್ಡಿಗೆ ತಾಗಿದರೂ ಕೆಳಗೆ ರಿಂಗಿಗೇ ಬೀಳುತ್ತೆ. ಏರೋ ಚೆಂಡಾದರೆ ಬೋರ್ಡು ಪುಟಿಸಿದಷ್ಟೇ ಗತಿ.

ಜಾಗ ಅಂದರೆ ಬೋರ್ಡಿಗೆ ಸುಮಾರು 45 ಡಿಗ್ರಿ ಓರೆ, ರಿಂಗಿನಿಂದ ಮೂರರಿಂದ ನಾಲ್ಕೂವರೆ ಮೀಟರ್. ರಿಂಗಿನ ನೇರ ಎದುರು ನಿಂತಾಗ ಅವರು ಬೋರ್ಡಿಗೆ ಹೊಡೀತಾನೇ ಇರಲಿಲ್ಲ. ಎದುರಿನಿಂದ ಹೊಡೆದರೆ ದೂರದ ಅಳತೆ ಒಂದೇ ನೋಡಿ ಪ್ರಯೋಜನವಿಲ್ಲ, ಪುಟಿತದ ಅಳತೆಯೂ ತಪ್ಪಬಾರದು. ಬೇಸ್‌ಲೈನಿಗೆ (ರಿಂಗಿನ ಹಿಂದಿನ ಗಡಿ ಗೆರೆಗೆ) ತೀರಾ ಹತ್ತಿರ ಹೋದರೆ ಬೋರ್ಡು ಕಣ್ಣಿಗೆ ಪಟ್ಟಿಯಷ್ಟು ಸಪುರ ಕಾಣುತ್ತೆ, ಚೆಂಡು ಅಂಚಿಗೆ ತಾಗುತ್ತೆ. ಅಲ್ಲಿಂದ ಅವರು ಪಾಸು ಕೊಡೋರೇ ಹೊರತು ಹೊಡೀತಿರಲಿಲ್ಲ.

ಸಾಗರದ ಕಡೆಯವ

7 ಎಡಗೈಯವರು ಅನ್ನೋದನ್ನೂ ಸೇರಿಸಿ ಮಾರಾಯ್ರೆ. ಅವರನ್ನು ತಡೆಯೋಕೆ ನಿಂತವರು ಅಭ್ಯಾಸಬಲದಿಂದ ತಮ್ಮ ಎಡಗೈ ಎತ್ತೋರು, ಅಂದರೆ ಎದುರಾಳಿಯ ಬಲಗೈಗೆ ಅಡ್ಡ. 7ರ ಎಡಗೈ ಪೂರ್ತಿ ಖಾಲಿ ಸಿಗ್ತಿತ್ತು. ಅರ್ಧ ಪಂದ್ಯ ಕಳೆದ ಮೇಲೆ ಅವರಿಗೆ ಹೊಳೆಯೋದು.

ಸ್ಕೋರ್‌ಶೀಟ್

ಬೋರ್ಡಿನಷ್ಟೇ ನೆಲದ್ದೂ ಪಾತ್ರ ಇದೆ. ಅದನ್ನು ಬಿಟ್ಟರೆ 11ರ ಆಟ ಗೊತ್ತಾಗಲ್ಲ.

ಮಲೆನಾಡಲ್ಲಿ ಸಿಮೆಂಟ್ ಕೋರ್ಟು ಸಮತಟ್ಟು ಮಾಡಿದರೆ ನೀರು ನಿಂತೇ ನಿಲ್ಲುತ್ತೆ. ಹಾಗಾಗಿ ನೂರಕ್ಕೆ ಒಂದರಂತೆ ಇಳಿಜಾರು ಕೊಡ್ತಾರೆ. ಅದನ್ನು ಉದ್ದಕ್ಕೆ ಕೊಟ್ಟರೆ 28 ಮೀಟರಿಗೆ 28 ಸೆಂಟಿಮೀಟರ್ ಇಳಿತ, ಒಂದು ತಂಡ ಏರು ಹತ್ತಿ ಆಡಬೇಕಾಗುತ್ತೆ. ನಮ್ಮಲ್ಲಿ ಅಡ್ಡಕ್ಕೆ ಕೊಟ್ಟಿದ್ದರು, ಮೆಟ್ಟಿಲ ಕಡೆ ಎತ್ತರ, ಚರಂಡಿ ಕಡೆ ತಗ್ಗು. 15 ಮೀಟರ್ ಅಗಲಕ್ಕೆ 15 ಸೆಂಟಿಮೀಟರ್. ಎರಡೂ ರಿಂಗು ಅಗಲದ ನಟ್ಟನಡುವೆ ಇರೋದರಿಂದ ಎರಡರ ಎತ್ತರವೂ 3.05, ಅದರಲ್ಲಿ ಮೋಸ ಇಲ್ಲ. ಮೂಲೆಗೆ ಹೋದರೆ ಲೆಕ್ಕ ಬೇರೆ. ಆಗ 3 ಪಾಯಿಂಟ್ ಗೆರೆ 6.25 ಮೀಟರಿನಲ್ಲಿತ್ತು. ಚರಂಡಿ ಕಡೆ ಮೂಲೆಯಲ್ಲಿ ಆ ಗೆರೆ ಮೇಲೆ ನಿಂತವರ ಕಾಲು ನಡುವಿಗಿಂತ ಆರು ಸೆಂಟಿಮೀಟರ್ ಕೆಳಗೆ. ಅವರ ಪಾಲಿಗೆ ರಿಂಗು 3.11. ಮೆಟ್ಟಿಲ ಕಡೆ ಮೂಲೆಯಲ್ಲಿ ನಿಂತವರಿಗೆ 2.99.

ಹೊರಗಿನವರ ಚೆಂಡು ಚರಂಡಿ ಕಡೆಯಿಂದ ಗಿಡ್ಡ ಬಿದ್ದು ರಿಂಗಿನ ಮುಂದಿನ ಅಂಚಿಗೆ ತಾಗೋದು, ಮೆಟ್ಟಿಲ ಕಡೆಯಿಂದ ಹಿಂದಿನ ಅಂಚಿಗೆ. 11 ಯಾವಾಗಲೂ ಮೆಟ್ಟಿಲ ಕಡೆ ಮೂಲೆ ಹಿಡಿಯೋರು. ಮೊದಲ ಅರ್ಧದಲ್ಲಿ ಅದು ಅವರಿಗೆ ಎಡ ಮೂಲೆ. ವಿರಾಮದ ಮೇಲೆ ಬುಟ್ಟಿ ಬದಲಾದಾಗ ಅದೇ ಬದಿ ಬಲ ಮೂಲೆ ಆಗುತ್ತೆ, ಅವರೂ ಬಲಕ್ಕೆ ಬರೋರು. ಎರಡೂ ಮೂಲೆಯಿಂದ ಹೊಡೆಯೋ ಕಲೆ ಅಂತ ಹೊರಗಿನವರು ಹೊಗಳಿದ್ದು ನಿಜವಾಗಿ ಒಂದೇ ಬದಿಯ ನೆಲ. ಹಾಗಂತ ಅವರ ಕೈಯ ಬೆಲೆ ಕಡಿಮೆ ಆಗಲ್ಲ. ನೆಲವನ್ನು ಅಷ್ಟು ಓದಿಕೊಂಡಿದ್ದೂ ಆಟವೇ.

ದುರ್ಗಿಗುಡಿ

ಇದು ಸರಿಯಾದ ಮಾತು ಸರ್. 11 ಸಮತಟ್ಟಾದ ಕೋರ್ಟಿಗೆ ಹೋದಾಗ ಮೊದಲ ನಾಲ್ಕೈದು ಹೊಡೆತ ಗಿಡ್ಡ ಬೀಳ್ತಿದ್ದಕ್ಕೂ ಇದೇ ಕಾರಣ. ಅಲ್ಲಿ ಪಂದ್ಯಕ್ಕೆ ಮುಂಚೆ ಪಿ.ಡಿ. ಸರ್ (ದೈಹಿಕ ಶಿಕ್ಷಣ ನಿರ್ದೇಶಕರು) ಅವರೊಬ್ಬರಿಗೇ ಮೂಲೆಯಿಂದ ಹೆಚ್ಚು ಹೊತ್ತು ಹೊಡೆಸ್ತಿದ್ರು.

ನಾನು ಬರೆಯಬೇಕು ಅಂದುಕೊಂಡದ್ದು 12ರ ಬಗ್ಗೆ. ತಂಡದ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡೋರು, ಎತ್ತರ ಆರಡಿ ಮೇಲೆ ಸ್ವಲ್ಪ, ಅಷ್ಟೇ. ದಾವಣಗೆರೆ, ಮಂಗಳೂರು ಕಡೆಯಿಂದ ಅವರಿಗಿಂತ ಎತ್ತರದವರು ಬರೋರು. ಆದರೂ ರೀಬೌಂಡು, ಅಂದರೆ ಗುರಿ ತಪ್ಪಿ ಪುಟಿದ ಚೆಂಡು, ಇವರದ್ದೇ. ಯಾಕೆ ಅಂತ ಈಗಿನ ಹುಡುಗರು ಕೇಳ್ತಾರೆ.

ಆಗ ರಿಂಗಿನ ಕೆಳಗಿನ ಮೂರು ಸೆಕೆಂಡಿನ ಜಾಗ (ಹೊಡೆಯೋ ತಂಡದವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಜಾಗ) ಈಗಿನ ಹಾಗೆ ಆಯತ ಅಲ್ಲ. ತಳದಲ್ಲಿ 6 ಮೀಟರ್, ಫ್ರೀ ಥ್ರೋ ಗೆರೆಯಲ್ಲಿ 3.60, ಕೆಳಗೆ ಅಗಲವಾಗಿ ಹರಡಿದ ಆಕಾರ. 2010ರಲ್ಲಿ ಅದು ತೆಗೆದು 4.90 ಮೀಟರ್ ಅಗಲದ ಆಯತ ತಂದರು. ಅಂದರೆ ಆಗ ಸೆಂಟರ್ ಆದವರು ಬೇಸ್‌ಲೈನ್ ಹತ್ತಿರ ಕಾದು ನಿಲ್ಲಬೇಕಾದರೆ ನಡುವಿನಿಂದ 3 ಮೀಟರ್ ಹೊರಗೆ ನಿಲ್ಲಬೇಕಿತ್ತು, ಈಗ 2.45 ಸಾಕು. ಈ ಅರ್ಧ ಮೀಟರ್ ಸಣ್ಣದಲ್ಲ. ಅಲ್ಲಿಂದ ಚೆಂಡು ಹಿಡಿದು ಬೆನ್ನು ತಿರುಗಿಸಿ ಒಂದೇ ಹೆಜ್ಜೆಗೆ ರಿಂಗು ಸಿಗಲ್ಲ. 12 ಚೆಂಡು ಹಿಡಿದ ತಕ್ಷಣ ಎರಡೂ ಕಾಲು ಒಟ್ಟಿಗೆ ಊರಿ ನಿಲ್ಲೋರು, ಆಗ ಯಾವ ಕಾಲನ್ನಾದರೂ ಪಿವಟ್ (ಊರಿಟ್ಟು ತಿರುಗೋ ಕಾಲು) ಮಾಡಬಹುದು. ಬೇಸ್‌ಲೈನ್ ಕಡೆ ಭುಜ ತೋರಿಸಿ, ಒಳಗೆ ತಿರುಗಿ, ಒಂದು ಡ್ರಿಬಲ್ (ಚೆಂಡು ನೆಲಕ್ಕೆ ಪುಟಿಸೋದು), ಬಲಗೈ ಹುಕ್, ಅಂದರೆ ರಿಂಗಿಗೆ ಪಕ್ಕ ಕೊಟ್ಟು ತಲೆ ಮೇಲಿಂದ ಕೊಕ್ಕೆಯ ಹಾಗೆ ಹೊಡೆಯೋದು. ಎಡಗೈ ಹುಕ್ ಅವರಿಗೆ ಬರ್ತಿರಲಿಲ್ಲ. ಅದು ಗೊತ್ತಿದ್ದ ತಂಡ ಅವರನ್ನು ಎಡಕ್ಕೆ ತಳ್ಳಿ ಕಟ್ಟಿಹಾಕ್ತಿತ್ತು.

ರೀಬೌಂಡಿಗೆ ಅವರು ಚೆಂಡನ್ನೇ ನೋಡ್ತಿರಲಿಲ್ಲ. ಹೊಡೆತ ಕೈಬಿಟ್ಟ ಕೂಡಲೆ ಮೊದಲು ತಾವು ತಡೆಯಬೇಕಾದ ಎದುರಾಳಿಯನ್ನು ನೋಡಿ, ಮೊಣಕೈ ಮಡಚಿ ಅವರ ಎದೆಗೆ ಬೆನ್ನು ಕೊಟ್ಟು, ಸೊಂಟ ಕೆಳಗಿಳಿಸಿ, ಆಮೇಲೆ ತಲೆ ಎತ್ತೋರು. ಎತ್ತರದವರಿಗೆ ನೆಗೆಯೋಕೆ ಜಾಗವೇ ಸಿಗ್ತಿರಲಿಲ್ಲ. ಇದರಲ್ಲಿ ತಪ್ಪೋದು ಎಲ್ಲಿ ಅಂದರೆ ರಿಂಗಿನ ತೀರಾ ಕೆಳಗೆ ಹೋಗಿ ಬೆನ್ನು ಕೊಡೋದು. ಅಲ್ಲಿ ನಿಂತರೆ ಬುಟ್ಟಿಯಿಂದ ಬಿದ್ದ ಚೆಂಡು ಮಾತ್ರ ಸಿಗುತ್ತೆ, ಪುಟಿದ ಚೆಂಡು ತಲೆ ಮೇಲೆ ಹೋಗುತ್ತೆ. 12 ರಿಂಗಿನಿಂದ ಎರಡು ಹೆಜ್ಜೆ ಹೊರಗೇ ನಿಲ್ಲೋರು. ಸತ್ತ ಬೋರ್ಡಿನಿಂದ ಚೆಂಡು ದೂರ ಪುಟಿಯಲ್ಲ ಅಂತ ನಮ್ಮ ಕೋರ್ಟಿನಲ್ಲಿ ಮಾತ್ರ ಅರ್ಧ ಹೆಜ್ಜೆ ಒಳಗೆ.

ಈಗಿನ ಬ್ಯಾಚ್

ಹಿರಿಯರ ಮೇಲೆ ಗೌರವ ಇಟ್ಟೇ ಕೇಳ್ತೀನಿ. ಈಗಿನ ತಂಡ ಪೂರ್ತಿ ಕೋರ್ಟು ಪ್ರೆಸ್ ಹಾಕಿದರೆ, ಅಂದರೆ ಕೋರ್ಟಿನ ಉದ್ದಕ್ಕೂ ಮೈಮೇಲೆ ಬಂದು ತಡೆದರೆ, ಅವರಿಗೆ ಅರ್ಧ ಗೆರೆ ದಾಟೋಕೆ ಆಗ್ತಿತ್ತಾ? ಆಗ ಆಟ ತುಂಬಾ ನಿಧಾನ ಇತ್ತಲ್ಲ.

ಸ್ಕೋರ್‌ಶೀಟ್

ನಿಧಾನ ಇದ್ದದ್ದು ಕಾಲಲ್ಲ, ನಿಯಮ. 2000ಕ್ಕೆ ಮುಂಚೆ 20 ನಿಮಿಷದ ಎರಡು ಅರ್ಧ, ಹೊಡೆಯೋಕೆ 30 ಸೆಕೆಂಡು, ಅರ್ಧ ಗೆರೆ ದಾಟೋಕೆ 10 ಸೆಕೆಂಡು. ಆಮೇಲೆ 10 ನಿಮಿಷದ ನಾಲ್ಕು ಭಾಗ, 24 ಸೆಕೆಂಡು, 8 ಸೆಕೆಂಡು. ಒಟ್ಟು ಆಟ ಆಗಲೂ 40 ನಿಮಿಷ, ಈಗಲೂ 40. ಎರಡೂ ತಂಡ ಪೂರ್ತಿ ಗಡಿಯಾರ ಬಳಸಿದರೆ ಆಗ ಒಂದೊಂದು ತಂಡಕ್ಕೆ 40 ಸರದಿ, ಈಗ 50. ಸ್ಕೋರ್ ಕಡಿಮೆ ಕಾಣೋದಕ್ಕೆ ಅರ್ಧ ಕಾರಣ ಇಷ್ಟೇ. ಹಳೇ ಸ್ಕೋರ್ ನೋಡಿ "ಇಷ್ಟೇನಾ" ಅನ್ನಬೇಡಿ.

ಪ್ರೆಸ್ ವಿಷಯಕ್ಕೆ 4ರ ಬಗ್ಗೆ ಬರೆಯಲೇಬೇಕು. ಆ ತಂಡದ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದೆ ತಂದು ಆಟ ನಡೆಸೋರು. ಪ್ರೆಸ್ ಹಾಕಿದಾಗ ಡ್ರಿಬಲ್ ಮಾಡಿ ಬಿಡಿಸಿಕೊಳ್ಳೋಕೆ ಅವರು ಹೋಗ್ತಿರಲಿಲ್ಲ. ಒಳಗೆ ಎಸೆದವರಿಂದ ಚೆಂಡು ಹಿಡಿದು, ಇಬ್ಬರು ಮೈಮೇಲೆ ಬರೋ ತನಕ ಕಾದು, ನಡುವೆ ಓಡಿ ಬರೋ 9ಕ್ಕೆ ತಲೆಮೇಲಿಂದ ಪಾಸು. ಅಷ್ಟರಲ್ಲಿ ಬದಿಯಲ್ಲಿ 7 ಓಡ್ತಿರೋರು. ಎರಡು ಪಾಸಿಗೆ ಅರ್ಧ ಗೆರೆ ದಾಟಿ ಆಗ್ತಿತ್ತು. ಎಂಟು ಸೆಕೆಂಡು ಇದ್ದರೂ ಅವರಿಗೆ ಅರ್ಧ ಉಳೀತಿತ್ತು.

ಅವರು ಡ್ರಿಬಲ್ ಕಡಿಮೆ ಮಾಡಿದ್ದಕ್ಕೂ ನೆಲವೇ ಕಾರಣ. ಚರಂಡಿ ಕಡೆ ತೇವ ಒಣಗ್ತಾನೇ ಇರಲಿಲ್ಲ. ಒದ್ದೆ ಸಿಮೆಂಟಿನ ಮೇಲೆ ಚೆಂಡಿಗೆ ಹಿಡಿತ ಸಿಗಲ್ಲ, ಜಾರಿಕೊಂಡು ವೇಗ ಕಳೆದುಕೊಳ್ಳದೆ ತಗ್ಗಾಗಿ ಮುಂದೆ ಹೋಗುತ್ತೆ. ಬೌನ್ಸ್ ಪಾಸನ್ನು ಮಾಮೂಲಿ ಹಾಗೆ ಮೂರರಲ್ಲಿ ಎರಡು ಭಾಗ ದೂರದಲ್ಲಿ ಪುಟಿಸಿದರೆ ಹಿಡಿಯೋರ ಮೊಣಕಾಲಿಗೆ ಬರುತ್ತೆ. ಆ ಬದಿಯಲ್ಲಿ 4 ಬೌನ್ಸ್ ಪಾಸನ್ನೇ ಕೈಬಿಟ್ಟು, ಎದೆಯಿಂದ ಎದೆಗೆ ಎರಡು ಕೈ ಪಾಸು ಮಾತ್ರ ಕೊಡೋರು. ಹೆಬ್ಬೆರಳು ಕೆಳಮುಖ ಆಗೋ ತನಕ ಮಣಿಕಟ್ಟು ತಿರುಗಿಸಿ, ಚೆಂಡಿಗೆ ಹಿಂದಕ್ಕೆ ಸುತ್ತು ಕೊಟ್ಟು. ಅಂಥ ಪಾಸು ಒದ್ದೆ ಕೈಗೂ ನಿಲ್ಲುತ್ತೆ.

ಸಾಗರದ ಕಡೆಯವ

ಚೆಂಡಿನ ಮಾತು ಬಂತಲ್ಲ. ಚರ್ಮದ ಚೆಂಡು ಮಳೆಗಾಲದಲ್ಲಿ ನೀರು ಕುಡಿದು ಭಾರ ಆಗ್ತಿತ್ತು, ಹೊಲಿಗೆ ಬಿರಿಯೋದು. ಹಾಗಾಗಿ ಅಭ್ಯಾಸಕ್ಕೆಲ್ಲ ರಬ್ಬರ್ ಚೆಂಡು, ಪಂದ್ಯಕ್ಕೆ ಮಾತ್ರ ಚರ್ಮದ್ದು. ರಬ್ಬರಿನದು ಹೆಚ್ಚು ಪುಟಿಯುತ್ತೆ, ಬೆರಳಿಗೆ ಗಟ್ಟಿ. ಎರಡರ ನಡುವೆ ಕೈ ಹೊಂದಿಸಿಕೊಳ್ಳೋದೇ ಕಷ್ಟ. ಪಂದ್ಯದ ಹಿಂದಿನ ದಿನ ಪಿ.ಡಿ. ಸರ್ ಗಾಳಿ ನೋಡ್ತಿದ್ದ ಕ್ರಮ ನಿಯಮ ಪುಸ್ತಕದ್ದೇ: 1.80 ಮೀಟರ್ ಎತ್ತರದಿಂದ ಬಿಟ್ಟರೆ ಚೆಂಡಿನ ನೆತ್ತಿ 1.20ರಿಂದ 1.40ರ ನಡುವೆ ಬರಬೇಕು. ಕಂಬಕ್ಕೆ ಆ ಎರಡು ಗುರುತು ಬಣ್ಣದಲ್ಲಿ ಬರೆದಿತ್ತು. ಬೆಳಗಿನ ಚಳಿಯಲ್ಲಿ ಸರಿ ಇದ್ದದ್ದು ಮಧ್ಯಾಹ್ನದ ಬಿಸಿಲಿಗೆ ಗಟ್ಟಿಯಾಗುತ್ತೆ, ಹಾಗಾಗಿ ಹಿಂದಿನ ದಿನವೂ ಪಂದ್ಯ ನಡೆಯೋ ಹೊತ್ತಿಗೇ ನೋಡಬೇಕು. ಸೂಜಿಯನ್ನು ಒದ್ದೆ ಮಾಡದೆ ಚುಚ್ಚಿದರೆ ವಾಲ್ವ್ ಹರಿಯುತ್ತೆ, ಚೆಂಡು ಹೋದ ಹಾಗೇ.

ಹುಡುಗಿಯರ ತಂಡದ ಪರ

ಇಷ್ಟು ಬರೆದರೂ ಹುಡುಗಿಯರ ತಂಡದ ಹೆಸರೇ ಇಲ್ಲ. ಅವರಲ್ಲಿ 6ನೇ ನಂಬರ್ ಇದ್ದರಲ್ಲ, ತೀರ್ಥಹಳ್ಳಿ ಕಡೆಯವರು, ಅವರ ದೂರದ ಹೊಡೆತ ಹುಡುಗರ ತಂಡದಲ್ಲೂ 11 ಬಿಟ್ಟರೆ ಯಾರಿಗೂ ಇರಲಿಲ್ಲ.

ಹೆಂಗಸರ ಆಟಕ್ಕೆ ಸಣ್ಣ ಚೆಂಡು, ಅಂದರೆ 6ನೇ ಅಳತೆ, ಫಿಬಾ ತಂದದ್ದು 2004ರಲ್ಲಿ. ಅದಕ್ಕೆ ಮುಂಚೆ ಹುಡುಗಿಯರೂ ಗಂಡಸರ 7ನೇ ಅಳತೆಯದ್ದರಲ್ಲೇ ಆಡಬೇಕಿತ್ತು. ತೂಕ 567ರಿಂದ 650 ಗ್ರಾಂ. 2004ರಲ್ಲಿ ಬಂದ ಸಣ್ಣ ಚೆಂಡು 510ರಿಂದ 567 ಇತ್ತು. ಸಣ್ಣ ಅಂಗೈಯಲ್ಲಿ ಆ ಚೆಂಡು ಒಂದೇ ಕೈಯಲ್ಲಿ ಏರಿಸಿದರೆ ಮೊಣಕೈ ಹೊರಗೆ ಹೋಗಿ ಗುರಿ ಪಕ್ಕಕ್ಕೆ ತಪ್ಪುತ್ತೆ. 6 ಎರಡೂ ಕೈಯಲ್ಲಿ ಹಿಡಿದು, ಹಣೆ ಮಟ್ಟದಿಂದ ಹೊಡೆಯೋರು. ಶಕ್ತಿ ಎಲ್ಲ ಮೊಣಕಾಲಿನಿಂದ. ಆಳವಾಗಿ ಬಗ್ಗಿ, ಏಳುವ ಚಲನೆ ಎಲ್ಲೂ ನಿಲ್ಲದೆ ಬೆರಳತುದಿ ತನಕ ಹೋಗೋದು. ನಡುವೆ ಒಂದು ಕ್ಷಣ ತಡೆದರೂ ಕಾಲಿನ ಶಕ್ತಿ ವ್ಯರ್ಥ, ಚೆಂಡು ಗಿಡ್ಡ. ಎರಡು ಕೈ ಹೊಡೆತದ ತೊಂದರೆ ಏನಂದ್ರೆ ಹೆಚ್ಚು ಬಲ ಇರೋ ಕೈ ಎಳೆದುಬಿಡುತ್ತೆ. ಅವರು ಅದನ್ನು ತಿದ್ದಿಕೊಂಡ ಬಗೆ ಕಣ್ಣಿಗೆ ಕಾಣ್ತಿತ್ತು: ಚೆಂಡು ಬಿಟ್ಟ ಮೇಲೆ ಎರಡೂ ಅಂಗೈ ಹೊರಮುಖವಾಗಿ ಒಂದೇ ಎತ್ತರದಲ್ಲಿ ನಿಲ್ಲೋವು. ಒಂದು ಕೈ ಕೆಳಗಿದ್ದರೆ ಆ ಹೊಡೆತ ಬೀಳಲ್ಲ ಅಂತ ನೋಡೋರಿಗೂ ಗೊತ್ತಾಗ್ತಿತ್ತು.

ನಿಂತ ಜಾಗದಿಂದ ಹೊಡೆಯೋದಾದ್ದರಿಂದ ಎದುರಾಳಿ ಹತ್ತಿರ ಬಂದರೆ ಆಗ್ತಿರಲಿಲ್ಲ. ಅದಕ್ಕೇ ಅವರ ತಂಡದ 10 ಅಡ್ಡ ನಿಂತು ಸ್ಕ್ರೀನ್ ಕೊಡೋರು. ಆ 10ನ್ನು ಯಾರೂ ನೆನೆಯಲ್ಲ, ನನಗೆ ಅದು ಬೇಜಾರು. 6 ಹಾಕಿದ ಪಾಯಿಂಟಲ್ಲಿ ಅರ್ಧ ಪಾಲು ಅವರದ್ದು.

ತುಂಗಾತೀರ

ಖಂಡಿತ ಮೇಡಂ, ಅದು ಬಿಟ್ಟಿದ್ದರೆ ಈ ಚರ್ಚೆಯೇ ಅರೆಬರೆ ಆಗ್ತಿತ್ತು.

ಮರದ ಬೋರ್ಡು

9ನ್ನು ಪಾಸಿಗೆ ಮಾತ್ರ ನೆನೆದರೆ ಸಾಲದು. ರಿಂಗಿನ ಕೆಳಗೆ ಎದೆ ಕೊಟ್ಟು ಚಾರ್ಜಿಂಗ್ ಫೌಲ್ (ನುಗ್ಗಿ ಬಂದು ಡಿಕ್ಕಿ ಹೊಡೆದವರ ಮೇಲೆ ಬೀಳೋದು) ಗಿಟ್ಟಿಸೋದರಲ್ಲಿ ಅವರದ್ದು ಎತ್ತಿದ ಕೈ. ನುಗ್ಗಿ ಬರೋರು ನೆಗೆಯೋ ಮೊದಲೇ ಎರಡೂ ಕಾಲು ಊರಿ, ಎದೆ ಎದುರಾಳಿ ಕಡೆ ಇಟ್ಟು, ಕೈ ಮೈಗೆ ಅಂಟಿಸಿಕೊಂಡು ನಿಲ್ಲೋರು. ತಾಗಿದಾಗ ಹಿಂದಕ್ಕೆ ಕುಂಡೆ ಮೇಲೆ ಕೂತ ಹಾಗೆ ಬಿದ್ದು, ಗದ್ದ ಎದೆಗೆ ಒತ್ತಿಕೊಳ್ಳೋರು, ಸಿಮೆಂಟಿಗೆ ತಲೆ ತಾಗಬಾರದು ಅಂತ. ಕೈ ಊರಿ ಬಿದ್ದರೆ ಮಣಿಕಟ್ಟು ಹೋಗುತ್ತೆ.

ಆದರೆ ಈಗಿನ ಮಕ್ಕಳು ಅದನ್ನು ಹಾಗೇ ಕಲಿಯಬಾರದು. 2010ರಿಂದ ರಿಂಗಿನ ಕೆಳಗೆ 1.25 ಮೀಟರಿನ ಅರ್ಧ ವೃತ್ತ ಇದೆ. ಅದರೊಳಗೆ ನಿಂತು ಎದೆ ಕೊಟ್ಟರೆ ಚಾರ್ಜಿಂಗ್ ಸಿಗಲ್ಲ. 9 ನಿಲ್ತಿದ್ದ ಜಾಗ ಬಹುಪಾಲು ಅದರೊಳಗೇ. ಒಂದು ಹೆಜ್ಜೆ ಹೊರಗೆ ಬಂದು ನಿಲ್ಲಬೇಕು, ಅಂದರೆ ನುಗ್ಗೋರನ್ನು ಅಷ್ಟು ಬೇಗ ಗುರುತಿಸಬೇಕು.

ಸಾಗರದ ಕಡೆಯವ

15ನ್ನೂ ಹೇಳಿ. ಜಂಪ್ ಬಾಲಿಗೆಂದೇ, ಅಂದರೆ ರೆಫ್ರಿ ಮೇಲೆ ಎಸೆದ ಚೆಂಡಿಗೆ ನೆಗೆಯೋಕೆಂದೇ ಇದ್ದವರು. 2003ಕ್ಕೆ ಮುಂಚೆ ಚೆಂಡು ಯಾರ ಸರದಿ ಅಂತ ತೋರಿಸೋ ಬಾಣದ ಗುರುತು ಇರಲಿಲ್ಲ, ಇಬ್ಬರು ಚೆಂಡು ಹಿಡಿದುಕೊಂಡರೆ ಆ ಇಬ್ಬರೇ ನೆಗೆಯಬೇಕಿತ್ತು. ಎದುರಾಳಿಯ ಗಿಡ್ಡ ಗಾರ್ಡ್ ಕೈಯಲ್ಲಿ ಚೆಂಡಿದ್ದಾಗ 15 ಹೋಗಿ ಎರಡೂ ಕೈಯಲ್ಲಿ ಹಿಡಿದುಬಿಡೋರು. ಆಮೇಲೆ ನೆಗೆತದಲ್ಲಿ ಚೆಂಡು ನಮ್ಮದೇ.

ದುರ್ಗಿಗುಡಿ

ಕೋರ್ಟು ಸಜ್ಜು ಮಾಡ್ತಿದ್ದ ಕೆಲಸಾನೂ ದಾಖಲಾಗಲಿ. ಆರ್ದ್ರಾ ಮಳೆ ಹಿಡಿದರೆ ಆಶ್ಲೇಷಾ ಕಳೆಯೋ ತನಕ ಹೊರಗೆ ಆಟ ಕಮ್ಮಿ. ಬಿಡುವು ಕೊಟ್ಟ ಮೇಲೆ ನೋಡಿದರೆ ಚರಂಡಿ ಕಡೆ ಅರ್ಧ ಹಸಿರು ಪಾಚಿ. ಆಟಗಾರರೇ ಬ್ಲೀಚಿಂಗ್ ಪುಡಿ ನೀರಿಗೆ ಕಲಸಿ ಸುರಿದು, ಅರ್ಧ ಗಂಟೆ ಬಿಟ್ಟು, ತೆಂಗಿನ ಕಡ್ಡಿ ಪೊರಕೆಯಲ್ಲಿ ಉಜ್ಜೋರು. ಆಮೇಲೆ ಎರಡು ಸಲ ನೀರು ಹೊಡೆದು ತೊಳೆಯಲೇಬೇಕು. ಪುಡಿ ಉಳಿದರೆ ಒಣಗಿದ ಮೇಲೆ ಅದೇ ಶೂಸ್ ಕೆಳಗೆ ಜಾರುತ್ತೆ, ಕ್ಯಾನ್ವಾಸ್ ಬಟ್ಟೆಯೂ ಹಾಳು. ನೆಲ ಪೂರ್ತಿ ಒಣಗಿದ ಮೇಲೇ 5 ಸೆಂಟಿಮೀಟರಿನ ಗೆರೆ ಬಳಿಯೋದು. ತೇವದ ಮೇಲೆ ಬಳಿದ ಬಣ್ಣ ಮೊದಲ ಅಭ್ಯಾಸಕ್ಕೇ ಎದ್ದು ಬರ್ತಿತ್ತು.

ಅಂಥ ನೆಲದ ಮೇಲೆ ಓಡ್ತಾ ನಿಲ್ಲೋಕೆ ಹೋದರೆ ಜಾರಿ ಬೀಳೋದು ಖಚಿತ. ಆ ಇಡೀ ತಂಡ ಎರಡು ಕಾಲಲ್ಲಿ ಒಟ್ಟಿಗೆ ನಿಲ್ಲೋದನ್ನು ಅಷ್ಟು ಚೆನ್ನಾಗಿ ಕಲಿತದ್ದು ಇದರಿಂದಲೇ. ಒಳಾಂಗಣದಲ್ಲಿ ಆಡಿದಾಗ ಅವರಿಗೆ ಟ್ರಾವಲಿಂಗ್ (ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಟ್ಟ ತಪ್ಪು) ಬೀಳ್ತಾನೇ ಇರಲಿಲ್ಲ.

ಈಗಿನ ಬ್ಯಾಚ್

ಅಣ್ಣಂದಿರೇ, 7ರ ಬೋರ್ಡ್ ಹೊಡೆತ ಈಗ ಕಿರಿಯರಿಗೆ ಹೇಳಿಕೊಡಬೇಕು ಅಂದರೆ ಎಲ್ಲಿಂದ ಶುರುಮಾಡಲಿ? ನಮ್ಮಲ್ಲಿ ಈಗ ಗಾಜಿನ ಬೋರ್ಡು.

ಮರದ ಬೋರ್ಡು

ಮೊದಲು ರಿಂಗು ನೋಡು ತಮ್ಮ. ನೇತಾಡಿ ನೇತಾಡಿ ಮುಂದಿನ ಅಂಚು ಬಗ್ಗಿದ್ದರೆ ಏನು ಕಲಿಸಿದರೂ ಸುಳ್ಳು ಅಭ್ಯಾಸ ಆಗುತ್ತೆ. ನೆಲದಿಂದ ರಿಂಗಿನ ಮುಂಭಾಗಕ್ಕೂ, ಬೋರ್ಡಿನ ಹತ್ತಿರದ ಭಾಗಕ್ಕೂ ಟೇಪ್ ಹಿಡಿ, ಎರಡೂ 3.05 ಇರಬೇಕು.

ಗಾಜು ಮರದ ಹಾಗೆ ವೇಗ ನುಂಗಲ್ಲ. 7 ಇಡ್ತಿದ್ದ ಹಾಗೆ ಚೌಕದ ಮೇಲಕ್ಕೆ ಗುರಿ ಇಟ್ಟರೆ ರಿಂಗು ದಾಟಿ ಹೋಗುತ್ತೆ. ಚೌಕದ ಹತ್ತಿರದ ಮೇಲ್ಮೂಲೆ, ಗೆರೆಯ ಒಳಗೆ, ಅದು ಗುರಿ. ಅಲ್ಲಿ ಬಣ್ಣದ ಟೇಪಿನ ಒಂದು ತುಂಡು ಅಂಟಿಸು, ಕಣ್ಣು ರಿಂಗಿಗೆ ಹೋಗದೆ ಅದರ ಮೇಲೇ ನಿಲ್ಲಲಿ. ನೆಲದಲ್ಲಿ 45 ಡಿಗ್ರಿ ಗೆರೆ ಎಳೆದು ರಿಂಗಿನಿಂದ 2 ಮೀಟರ್, 3 ಮೀಟರ್, 4 ಮೀಟರಿಗೆ ಗುರುತು ಹಾಕು, ಎರಡೂ ಬದಿ.

2 ಮೀಟರಿನಿಂದ ನೆಗೆಯದೆ, ಒಂದೇ ಕೈಯಲ್ಲಿ. ಇನ್ನೊಂದು ಕೈ ಬೆನ್ನ ಹಿಂದೆ. ಚೆಂಡು ಮೇಲೆ ಹೋಗಿ ಇಳಿಯುವಾಗ ಟೇಪಿಗೆ ತಾಗಬೇಕು. ಏರುವಾಗಲೇ ತಾಗಿದರೆ ಬಿದ್ದರೂ ಲೆಕ್ಕಕ್ಕಿಲ್ಲ ಅಂತ ಹೇಳು. ಹತ್ತಕ್ಕೆ ಎಂಟು ಬಿದ್ದ ಮೇಲೆ 3 ಮೀಟರು, ಆಗ ಎರಡನೇ ಕೈ ಬದಿಯಲ್ಲಿ ಆಸರೆಗೆ. ಆಮೇಲೆ ಒಂದು ಡ್ರಿಬಲ್, ಎರಡು ಕಾಲಲ್ಲಿ ನಿಂತು ಹೊಡೆತ. 4 ಮೀಟರಿಗೆ ಹೋಗೋ ಆತುರ ಬೇಡ. ದೂರ ಹೆಚ್ಚಿದ ಹಾಗೆ ಮಕ್ಕಳು ಚಪ್ಪಟೆಯಾಗಿ ಎಸೆಯೋಕೆ ಶುರುಮಾಡ್ತಾರೆ, ಅಲ್ಲೇ ಕೆಡೋದು. ಹಾಗೆ ಕಂಡರೆ ಒಂದು ಮೀಟರ್ ಒಳಗೆ ಕರೆ.

ಗುರಿಗಿಂತ ಚೆಂಡು ಪಕ್ಕಕ್ಕೆ ಜಾರ್ತಿದ್ದರೆ ಬೆರಳು ಓರೆಯಾಗಿ ಬಿಡ್ತಿದ್ದಾರೆ, ಚೆಂಡಿಗೆ ಅಡ್ಡ ಸುತ್ತು ಬೀಳ್ತಿದೆ ಅಂತ. ಚೆಂಡಿನ ಒಂದು ಕಪ್ಪು ಗೆರೆಯನ್ನು ಅಡ್ಡಕ್ಕೆ ಹಿಡಿಸಿ ಹೊಡೆಸು. ಗಾಳಿಯಲ್ಲಿ ಆ ಗೆರೆ ನೇರ ಹಿಂದಕ್ಕೆ ಸುತ್ತಿದರೆ ಸರಿ, ತೂಗಾಡಿದರೆ ಮಣಿಕಟ್ಟು ತಿದ್ದಬೇಕು.

ಹುಡುಗಿಯರ ತಂಡದ ಪರ

ಹುಡುಗಿಯರಿಗೆ ಹೇಳಿಕೊಡುವಾಗ 6ನೇ ಅಳತೆಯ ಚೆಂಡಲ್ಲೇ ಮಾಡಿಸಿ. ಹುಡುಗರ ಚೆಂಡಲ್ಲಿ ಕಲಿತು ಪಂದ್ಯಕ್ಕೆ ಹೋದರೆ ಬೋರ್ಡಿನಿಂದ ಪುಟಿಯೋ ಅಳತೆ ಬೇರೆ ಆಗುತ್ತೆ. ಎರಡೂ ಬದಿ ಸಮ ಸಮ ಹೊಡೆಸಿ, ಬಲ ಬದಿಯೊಂದನ್ನೇ ಇಟ್ಟುಕೊಂಡರೆ ಎಡಕ್ಕೆ ಬಂದಾಗ ಕೈ ಬರಲ್ಲ.